ರಾಜನ ಚಿತ್ರ ನಾಣ್ಯದ ಹಿಂದಕ್ಕೆ ಹೋಗಿದ್ದು ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಬೈಜಾಂಟೈನ್ (ಪೂರ್ವ ರೋಮನ್) ದೊರೆ ಎರಡನೇ ಜಸ್ಟಿನಿಯನ್‌ನ ಚಿನ್ನದ ನಾಣ್ಯದ ಫೋಟೋ ನೋಡಿದೆ. ಒಂದು ಕಡೆ ಉದ್ದ ಕೂದಲು, ಗಡ್ಡ ಇರುವ ಮುಖ. ಇನ್ನೊಂದು ಕಡೆ ಶಿಲುಬೆ ಹಿಡಿದು ನಿಂತವನು. ಇವರಲ್ಲಿ ರಾಜ ಯಾರು? ನಾಣ್ಯದ ಮುಂಭಾಗ ಯಾವುದು?

ಉತ್ತರ: ನಮಸ್ಕಾರ. ನಿಂತಿರುವವನೇ ರಾಜ. ಗಡ್ಡದ ಮುಖ ಯೇಸುವಿನದು, ಮುಂಭಾಗ ಅದೇ. ಮೊದಲ ರೋಮನ್ ಚಕ್ರವರ್ತಿ ಅಗಸ್ಟಸ್‌ನ ಕಾಲದಿಂದ ಸುಮಾರು 700 ವರ್ಷ ಆ ಜಾಗ ದೊರೆಯ ಮುಖಕ್ಕೇ ಇದ್ದದ್ದು. ಅದನ್ನು ಈ ಜಸ್ಟಿನಿಯನ್ ಬಿಟ್ಟುಕೊಟ್ಟ.

ಫೋಟೋ ದೊಡ್ಡದು ಮಾಡಿ ನೋಡಿ. ಯೇಸುವಿನ ತಲೆಯ ಹಿಂದೆ ಶಿಲುಬೆ ಕಾಣುತ್ತೆ. ಬಲಗೈ ಎತ್ತಿ ಹರಸುತ್ತಿದ್ದಾನೆ, ಎಡಗೈಯಲ್ಲಿ ಪವಿತ್ರ ಗ್ರಂಥ. ಸುತ್ತ ಲ್ಯಾಟಿನ್‌ನಲ್ಲಿ ‘ಆಳುವವರ ಅರಸ’ ಅಂತಿದೆ. ನಾಣ್ಯದ ಹಿಂಭಾಗದಲ್ಲಿ ರಾಜನ ಹೆಸರಿನ ಜೊತೆ ‘ಕ್ರಿಸ್ತನ ಸೇವಕ’ ಅಂತಿದೆ. ಅವನು ಮೈಸುತ್ತ ಸುತ್ತಿಕೊಂಡಿರುವುದು ರತ್ನ ಕೂರಿಸಿದ ಉದ್ದನೆಯ ಪಟ್ಟಿ, ಹಬ್ಬದ ದಿನದ ರಾಜವೇಷ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಚಿನ್ನದ ಬಿಲ್ಲೆಯಲ್ಲಿ ಇಷ್ಟೆಲ್ಲ ಕೊರೆದಿದ್ದಾರೆ ಅಲ್ವಾ! ಪ್ರತಿ ಸಲ ನೋಡಿದಾಗಲೂ ನನಗೆ ಬೆರಗು.

ಅದೇ ದಶಕದಲ್ಲಿ, ಅಂದರೆ ಕ್ರಿ.ಶ. 690ರ ದಶಕದಲ್ಲಿ, ದಮಾಸ್ಕಸ್‌ನ ಖಲೀಫ ಅಬ್ದ್ ಅಲ್ ಮಲಿಕ್ ಕೂಡ ಚಿನ್ನದ ದಿನಾರ್ ಹೊರಡಿಸಿದ. ಮೊದಲು ಅದರಲ್ಲಿ ಖಲೀಫ ನಿಂತ ಚಿತ್ರ ಇತ್ತು. 696–97ರಲ್ಲಿ ಚಿತ್ರ ಪೂರ್ತಿ ತೆಗೆದು ಬರೀ ಅಕ್ಷರ ಇಟ್ಟ. ಯಾರನ್ನು ನೋಡಿ ಯಾರು ಬದಲಾಯಿಸಿದರು ಅನ್ನುವ ವಾದ ವಿದ್ವಾಂಸರಲ್ಲಿ ಇನ್ನೂ ನಡೆದಿದೆ.

ಪ್ರಶ್ನೆ: ಮುಂದಿನ ರಾಜರೂ ಇದನ್ನೇ ಮುಂದುವರಿಸಿದರಾ?

ಉತ್ತರ: ಇಲ್ಲ. 695ರಲ್ಲಿ ಜಸ್ಟಿನಿಯನ್‌ನ ಮೂಗು ಕೊಯ್ದು ಓಡಿಸಿದರು. ಪಟ್ಟಕ್ಕೆ ಬಂದ ಲಿಯೋಂಟಿಯಸ್ ತನ್ನ ಮುಖವನ್ನೇ ಮುಂದೆ ಹಾಕಿದ. ಜಸ್ಟಿನಿಯನ್ 705ರಲ್ಲಿ ವಾಪಸ್ ಬಂದ, ಯೇಸುವೂ ನಾಣ್ಯಕ್ಕೆ ವಾಪಸ್ ಬಂದ. ಆದರೆ ಈ ಸಲ ಮುಖವೇ ಬೇರೆ: ಗುಂಗುರು ಕೂದಲು, ತೆಳು ಗಡ್ಡ, ಚಿಕ್ಕ ವಯಸ್ಸು. ನನಗಂತೂ ಇದೇ ಜಾಸ್ತಿ ಇಷ್ಟ. 711ರಲ್ಲಿ ಜಸ್ಟಿನಿಯನ್‌ನನ್ನು ಕೊಂದ ಮೇಲೆ ಯೇಸುವಿನ ಮುಖ ಮತ್ತೆ ಮರೆಯಾಯಿತು. 843ರಲ್ಲಿ, ನಿಷೇಧವಾಗಿದ್ದ ಯೇಸು ಮತ್ತು ಸಂತರ ಚಿತ್ರಗಳ ಆರಾಧನೆಗೆ ಪುನಃ ಒಪ್ಪಿಗೆ ಸಿಕ್ಕ ನಂತರ, ದೊರೆ ಮೂರನೇ ಮೈಕೇಲ್‌ನ ಕಾಲದಲ್ಲಿ, ಆ ಹಳೇ ಉದ್ದ ಕೂದಲಿನ ಮುಖವನ್ನೇ ನೋಡಿ ಹೊಸ ಅಚ್ಚು ಕೊರೆದರು.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಮ್ಮ ಹಾವೇರಿ ಕಡೆ ಅಕ್ಕಿಆಲೂರಲ್ಲೂ ಬೈಜಾಂಟೈನ್ ಚಿನ್ನ ಸಿಕ್ಕಿದೆಯಂತೆ. ದಕ್ಷಿಣದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ಎರಡು ತೂತು ಇರುತ್ತವಂತೆ, ಯಾಕೆ?

ಉತ್ತರ: ಹೌದು, ಸಿಕ್ಕಿದೆ. ಆದರೆ ಅವು ಈ ಜಸ್ಟಿನಿಯನ್‌ಗಿಂತ ಹಳೆಯವು. ಸಾಲಿಡಸ್ ಅನ್ನುವ ಈ ನಾಣ್ಯ ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತೆ. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72. ನಮ್ಮಲ್ಲಿ ಅದನ್ನು ಒಡವೆ ಮಾಡಿಕೊಂಡರು. ತೂತುಗಳು ಎಲ್ಲಿವೆ ಗಮನಿಸಿ. ಸಾಮಾನ್ಯವಾಗಿ ರಾಜನ ತಲೆಯ ಮೇಲ್ಗಡೆ, ಅಕ್ಕಪಕ್ಕ. ದಾರ ಪೋಣಿಸಿದರೆ ಮುಖ ತಿರುಗದೆ ನೆಟ್ಟಗೆ ನಿಲ್ಲುತ್ತೆ. ಕಾಸಿನ ಸರ ಕಂಡವರಿಗೆ ಈ ಲೆಕ್ಕಾಚಾರ ತಕ್ಷಣ ಹೊಳೆಯುತ್ತೆ.