12 ದಿನದ ಮಗು, ಹಾಲು ಸಾಲುತ್ತಿಲ್ಲವಾ?

ಮಗಳಿಗೆ ಇವತ್ತು 12 ದಿನ. ಸಂಜೆ ಆರರಿಂದ ಹತ್ತರವರೆಗೆ ಎದೆ ಬಿಡುವುದೇ ಇಲ್ಲ. ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ, ತುದಿಯಲ್ಲಿ ಬಿಳಿ ಗೆರೆ ಕಾಣುತ್ತದೆ. ನೋವಿಗೆ ಕಣ್ಣಲ್ಲಿ ನೀರು ಬರುತ್ತದೆ. ಹಾಲು ಸಾಲುತ್ತಿಲ್ಲ ಅಂತಾರೆ ಎಲ್ಲರೂ. ನಿಜವಾ?

ಉತ್ತರ 1:
ಸಂಜೆ ಹೊತ್ತು ಹಾಗೆ ಕುಡಿಯುವುದು ಮಾಮೂಲು. ದಿನಕ್ಕೆ 8ರಿಂದ 12 ಸಲ ಕುಡಿಯುವ ವಯಸ್ಸು. ಆರು ಸಲವಾದರೂ ಉಚ್ಚೆ ಮಾಡಿ, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ.

ಉತ್ತರ 2:
ಆ ಬಿಳಿ ಗೆರೆ ನನಗೂ ಇತ್ತು. ಮಗ ತೊಟ್ಟನ್ನಷ್ಟೇ ಕಚ್ಚಿಕೊಳ್ಳುತ್ತಿದ್ದ. ಬಾಯಿ ಅಗಲವಾಗಿ ತೆರೆಯುವವರೆಗೆ ಕಾಯಿರಿ. ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು. ನೋವಾದರೆ ಎಳೆಯಬೇಡಿ. ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಪ್ರಶ್ನೆ ಕೇಳಿದವರು:
ಬೆರಳಿನ ವಿಷಯ ಗೊತ್ತೇ ಇರಲಿಲ್ಲ! ಇವತ್ತು ಏಳು ಬಟ್ಟೆ ಒದ್ದೆಯಾಗಿವೆ. ನಾಳೆ ತೂಕ ಹಾಕಿಸುತ್ತೇನೆ.