ಹದಿನಾಲ್ಕು ನಿಮಿಷ ನೀರು ತುಂಬಿದರೂ ವಾಷಿಂಗ್ ಮೆಷಿನ್ ಖಾಲಿ: ಬೋರ್ಡ್ ಹೋಗಿದೆಯೇ?

ಒದ್ದೆಬಟ್ಟೆ:
ನಮ್ಮದು ಏಳು ಕಿಲೋದ ಫ್ರಂಟ್ ಲೋಡ್ ಮೆಷಿನ್, ಆರು ವರ್ಷ ಹಳೆಯದು. ಇದುವರೆಗೆ ಗೊಣಗದೆ ದುಡಿದಿದೆ. ನಾಲ್ಕು ದಿನಗಳಿಂದ ವಿಚಿತ್ರ ಹಟ ಹಿಡಿದಿದೆ. ಗುಂಡಿ ಒತ್ತಿದರೆ ಬಾಗಿಲು ಟಕ್ಕೆಂದು ಬೀಗ ಹಾಕಿಕೊಳ್ಳುತ್ತದೆ, ನೀರು ಬರುತ್ತದೆ, ಬರುತ್ತಲೇ ಇರುತ್ತದೆ. ಗಡಿಯಾರ ಹಿಡಿದು ಎದುರಿಗೇ ಕುಳಿತೆ. ಹಿಂದೆಲ್ಲ ಗಾಜಿನ ಕೆಳಗಂಚಿನಲ್ಲಿ ನೀರಿನ ಗೆರೆ ಕಾಣುತ್ತಿತ್ತು. ಈಗ 14 ನಿಮಿಷವಾದರೂ ಕಾಣಲಿಲ್ಲ. ಡ್ರಮ್ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದೆರಡು ಸಲ ತಿರುಗಿತು. ಕೊನೆಗೆ ನೀರು ಬರುತ್ತಿಲ್ಲ ಎಂಬ ಸಂಕೇತ ತೋರಿಸಿ ನಿಂತಿತು. ಬರುತ್ತಿಲ್ಲವಂತೆ! ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ಸೋಪಿನ ಪುಡಿಯ ಖಾನೆ ಸ್ವಚ್ಛವಾಗಿದೆ, ಬಟ್ಟೆಯಲ್ಲಿ ನೊರೆಯ ಸುಳಿವಿಲ್ಲ.

ರಿಪೇರಿಯವರು ಮುಚ್ಚಳವನ್ನೂ ಬಿಚ್ಚದೆ ‘ಬೋರ್ಡ್ ಹೋಗಿದೆ’, ಅಂದರೆ ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಫಲಕ ಕೆಟ್ಟಿದೆ ಎಂದು ತೀರ್ಪು ಕೊಟ್ಟರು. ನಾಡಿದ್ದು ಹೊಸದನ್ನು ತರುತ್ತಾರಂತೆ. ನನಗೇಕೋ ನಂಬಿಕೆ ಬರುತ್ತಿಲ್ಲ. ನಲ್ಲಿಯ ಪೈಪು ಮೆಷಿನ್‌ಗೆ ಸೇರುವಲ್ಲಿನ ಜಾಲರಿಯನ್ನು ತೊಳೆದಿದ್ದೇನೆ, ಅದರಲ್ಲಿ ಕಸವಿರಲಿಲ್ಲ.

ತಿರುಪುಳಿ:
ಬೋರ್ಡ್‌ಗಿಂತ ಮೊದಲು ಪ್ರೆಷರ್ ಸ್ವಿಚ್ ನೋಡಿ. ತೊಟ್ಟಿಯ ತಳದಿಂದ ಅದಕ್ಕೆ ಸಣ್ಣ ರಬ್ಬರ್ ನಳಿಕೆ ಹೋಗಿರುತ್ತದೆ. ನೀರು ಏರಿದಂತೆ ನಳಿಕೆಯೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ನೀರು ಸಾಕು ಎಂದು ಮೆಷಿನ್‌ಗೆ ತಿಳಿಯುವುದು ಹಾಗೆ. ನಳಿಕೆಯಲ್ಲಿ ಸೋಪಿನ ಗಸಿ ಕಟ್ಟಿಕೊಂಡರೆ ಲೆಕ್ಕ ತಪ್ಪುತ್ತದೆ. ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ.

ಅಳತೆಗೋಲು:
ಸ್ವಿಚ್ ಕೆಟ್ಟಿದ್ದರೆ ಗಾಜಿನಲ್ಲಿ ನೀರು ಕಾಣಬೇಕಿತ್ತಲ್ಲ? ಹದಿನಾಲ್ಕು ನಿಮಿಷದ ನೀರು ಎಲ್ಲಿಗೆ ಹೋಯಿತು? ನೆಲ ಒದ್ದೆಯಾಗಿಲ್ಲವೆಂದರೆ ಅದು ಹೊರಹೋಗುವ ಪೈಪಿನಿಂದಲೇ ಹೋಗುತ್ತಿದೆ. ಪೈಪು ಈಗ ಹೇಗಿದೆಯೋ ಹಾಗೆಯೇ ಬಿಟ್ಟು, ಅದರ ತುದಿಯಿಂದ ನೀರು ಬರುತ್ತಿದೆಯೇ ನೋಡಿ. ಪಂಪಿನ ಗುಂಯ್‌ಗುಡುವಿಕೆಗೂ ಕಿವಿಗೊಡಿ. ಪಂಪ್ ಓಡುತ್ತಿದ್ದರೆ ಬೋರ್ಡ್‌ನ ಮೇಲೆ ಅನುಮಾನ ಪಡಬಹುದು. ಪಂಪ್ ಸುಮ್ಮನಿದ್ದೂ ನೀರು ಬರುತ್ತಿದ್ದರೆ ಬೋರ್ಡ್ ನಿರಪರಾಧಿ. ಅಂದ ಹಾಗೆ, ಈಚೆಗೆ ಮೆಷಿನ್ ಅಲುಗಾಡಿಸಿದ್ದಿರಾ?

ಒದ್ದೆಬಟ್ಟೆ:
ನೋಡಿದೆ. ಶುರುವಾದ ಸ್ವಲ್ಪ ಹೊತ್ತಿಗೇ ತುದಿಯಿಂದ ಸೋಪಿನ ನೀರು ಹರಿಯತೊಡಗಿತು. ಪಂಪ್ ಮೌನ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸಲು ಸಂಕೋಚವಾಗುತ್ತಿದೆ. ಐದು ದಿನದ ಹಿಂದೆ ಹಿಂಬದಿಯ ಧೂಳು ಗುಡಿಸಲು ಮೆಷಿನ್ ಎಳೆದಿದ್ದೆ. ಆಗ ಪೈಪನ್ನು ಗೋಡೆಯ ಕೊಕ್ಕೆಯಿಂದ ತೆಗೆದೆ. ಮೆಷಿನ್‌ನ ಬೆನ್ನಿಗಿದ್ದ ಹಿಡಿಕೆಯಿಂದಲೂ ಬಿಡಿಸಿ ನೆಲದ ಮೇಲೆ ಎಸೆದಿದ್ದೆ. ಇವತ್ತಿಗೂ ಅಲ್ಲಿಯೇ ಮಲಗಿದೆ. ಹಳೆಯ ಟಾಪ್ ಲೋಡ್‌ನ ಪೈಪು ವರ್ಷಗಟ್ಟಲೆ ಹಾಗೆಯೇ ಬಿದ್ದಿತ್ತಲ್ಲ ಎಂದುಕೊಂಡಿದ್ದೆ.

ಅಳತೆಗೋಲು:
ಹಾಗಾದರೆ ಸಿಕ್ಕಿತು. ಅನೇಕ ಟಾಪ್ ಲೋಡ್‌ಗಳಲ್ಲಿ ತಳದ ವಾಲ್ವ್ ತೆರೆದಾಗ ಮಾತ್ರ ನೀರು ಇಳಿಯುತ್ತದೆ. ನಿಮ್ಮದರಲ್ಲಿ ಇರುವುದು ಪಂಪ್, ನೀರನ್ನು ತಡೆಯುವ ಬಾಗಿಲು ಅದಕ್ಕಿಲ್ಲ. ಪೈಪಿನ ಎತ್ತರವೇ ಅಲ್ಲಿ ಬಾಗಿಲು. ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿ. ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ. ತುದಿಯನ್ನು ಚರಂಡಿ ಕೊಳವೆಯೊಳಗೆ ಗಾಳಿಯಾಡದಂತೆ ತುರುಕಬೇಡಿ. ಹಾಗೆ ಮಾಡಿದರೆ ಎತ್ತರದಲ್ಲಿದ್ದರೂ ನೀರು ತಾನಾಗಿ ಎಳೆದುಕೊಂಡು ಹೋಗಬಹುದು.

ಒದ್ದೆಬಟ್ಟೆ:
ಕೊಕ್ಕೆಗೆ ಸಿಕ್ಕಿಸಿದೆ. ನಾಲ್ಕೇ ನಿಮಿಷದಲ್ಲಿ ನೀರಿನ ಗೆರೆ ಕಂಡಿತು, ನೊರೆಯೂ ಬಂತು. ಆದರೆ ನೀರು ಹೊರಹಾಕುವಾಗ ಗರಗರ ಸದ್ದು. ಇಷ್ಟು ದಿನ ಪಂಪಿಗೆ ಕೆಲಸವೇ ಇರಲಿಲ್ಲವಾದ್ದರಿಂದ ಕೇಳಿಸಿರಲಿಲ್ಲವೇನೋ. ಪ್ಲಗ್ ಕಿತ್ತು, ತಟ್ಟೆಯಿಟ್ಟು ಕೆಳಗಿನ ಫಿಲ್ಟರ್ ತಿರುಗಿಸಿದೆ: ಒಂದು ಹೇರ್‌ಪಿನ್, ಒಂದು ಅಂಗಿಗುಂಡಿ, ಮತ್ತೆ ಬೂದುಬಣ್ಣದ ಏನೋ ಒಂದು, ಅದನ್ನು ವರ್ಣಿಸುವುದು ಬೇಡ. ಬೆರಳಿನಿಂದ ಪಂಪಿನ ರೆಕ್ಕೆ ತಿರುಗಿಸಿದರೆ ಸರಾಗವಾಗಿ ಸುತ್ತದೆ, ತಡೆತಡೆದು ಸುತ್ತುತ್ತದೆ. ಕೆಟ್ಟಿದೆಯೇ?

ತಿರುಪುಳಿ:
ಇಲ್ಲ, ಒಳಗಿರುವ ಅಯಸ್ಕಾಂತ ಹಾಗೆ ಹಿಡಿದು ಬಿಡುತ್ತದೆ. ಫಿಲ್ಟರ್ ಬಿಗಿಯಾಗಿ ಮುಚ್ಚಿ. ಪ್ರೆಷರ್ ಸ್ವಿಚ್ ಎಂದು ದಾರಿ ತಪ್ಪಿಸಿದ್ದಕ್ಕೆ ಕ್ಷಮಿಸಿ.

ಒದ್ದೆಬಟ್ಟೆ:
ಸದ್ದು ಹೋಯಿತು. ಬೋರ್ಡ್ ತರಬೇಡಿ ಎಂದು ರಿಪೇರಿಯವರಿಗೆ ಫೋನ್ ಮಾಡಿದೆ. ಏನಾಗಿತ್ತು ಎಂದು ಕೇಳಿದರು. ಪೈಪು ನೆಲದ ಮೇಲಿತ್ತು ಎನ್ನಲು ನಾಲಿಗೆ ಏಳಲಿಲ್ಲ. ‘ಅದಾಗಿಯೇ ಸರಿಹೋಯಿತು’ ಎಂದುಬಿಟ್ಟೆ.