ಕಾಲಿನ ಹುಣ್ಣು, ಕಣ್ಣಿನ ರಕ್ತನಾಳ ಮತ್ತು ಜೇನಿನ ಪದಾರ್ಥಗಳು: ಅನುಭವವಿದ್ದವರು ತಿಳಿಸಿ

ಹೊಳಲ್ಕೆರೆಯಿಂದ ಕೇಳಿದ್ದು: ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯುತ್ತಿಲ್ಲ. ಅಕ್ಷಿಪಟಲದಲ್ಲಿ (ರೆಟಿನಾದಲ್ಲಿ) ಬೇಡದ ರಕ್ತನಾಳಗಳು ಬೆಳೆದಿರುವುದರಿಂದ ಕಣ್ಣಿಗೂ ಇಂಜೆಕ್ಷನ್ ಕೊಡುತ್ತಿದ್ದಾರೆ. ಹುಣ್ಣಿಗೆ ಜೇನುತುಪ್ಪ ಹಚ್ಚಿ, ಪ್ರೊಪೊಲಿಸ್ (ಜೇನುನೊಣಗಳು ಮರದ ರಾಳದಿಂದ ಕೂಡಿಸುವ ಅಂಟು) ಹನಿ ಕುಡಿಸಿ ಎನ್ನುತ್ತಾರೆ ಬಂಧುಗಳು. ಕಾಲಿನಲ್ಲಿ ನಾಳ ಬೆಳೆಯಬೇಕು, ಕಣ್ಣಿನಲ್ಲಿ ಬೆಳೆಯಬಾರದು, ಏನು ಮಾಡುವುದು?

ದಾವಣಗೆರೆಯಿಂದ, ಔಷಧಶಾಸ್ತ್ರ ಕಲಿಸುವವರು: ನಿಮ್ಮ ಅನುಮಾನ ಸರಿಯಾದದ್ದೇ, ಏಕೆಂದರೆ ಒಂದೇ ಗೂಡಿನ ಪದಾರ್ಥಗಳು ಈ ವಿಷಯದಲ್ಲಿ ಒಂದೇ ಕಡೆಗೆ ಎಳೆಯುವುದಿಲ್ಲ. ಹೊಸ ನಾಳಗಳು ಚಿಗುರಲು ಪ್ರಚೋದಿಸುವ ಮುಖ್ಯ ಪ್ರೋಟೀನು ವಿಇಜಿಎಫ್; ಕಣ್ಣಿನ ಇಂಜೆಕ್ಷನ್ ಸಾಮಾನ್ಯವಾಗಿ ತಡೆಯುವುದು ಅದನ್ನೇ. ಪ್ರೊಪೊಲಿಸ್‌ನ ಕೆಫೀಕ್ ಆಮ್ಲದ ಫಿನೆಥೈಲ್ ಎಸ್ಟರ್, ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್‌ನ ಆರ್ಟೆಪಿಲಿನ್ ಸಿ, ಜೇನುವಿಷದ ಮೆಲಿಟಿನ್ ಇವೂ ಪ್ರಯೋಗಾಲಯದಲ್ಲಿ ನಾಳಗಳ ಬೆಳವಣಿಗೆಯನ್ನು ಕುಗ್ಗಿಸಿವೆ. ಪ್ರಯೋಗಾಲಯವೆಂದರೆ ಇಲ್ಲಿ ಹೊಕ್ಕುಳಬಳ್ಳಿಯ ನಾಳದಿಂದ ತೆಗೆದ ಕೋಶಗಳು, ಕಾವು ಕೊಟ್ಟ ಕೋಳಿಮೊಟ್ಟೆಯ ಪೊರೆ, ಇಲಿ. ಅಲ್ಲಿ ಕೋಶಗಳಿಗೆ ನೇರವಾಗಿ ತಾಗಿಸಿದಷ್ಟು ಅಂಶವು ಬಾಯಿಗೆ ಹಾಕಿದ ನಾಲ್ಕು ಹನಿಯಿಂದ ಅಕ್ಷಿಪಟಲವನ್ನು ತಲುಪುತ್ತದೆ ಎನ್ನಲು ಆಧಾರವಿಲ್ಲ. ಇಂಜೆಕ್ಷನ್ ಬದಲು ಹನಿ ಸಾಕೆಂದು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ. ಇನ್ನು ಜೇನುತುಪ್ಪ: ಅದರ ಕಿಣ್ವದಿಂದ ಗಾಯದಲ್ಲಿ ಸ್ವಲ್ಪಸ್ವಲ್ಪವೇ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಸೂಕ್ಷ್ಮಾಣುಗಳನ್ನು ಕೊಲ್ಲುವುದಲ್ಲದೆ ನಾಳಗಳ ಚಿಗುರನ್ನೂ ಪ್ರಚೋದಿಸಬಲ್ಲದು. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ಪರಾಮರ್ಶೆಗೆ ಕೆಲವು ಸುಟ್ಟಗಾಯಗಳಲ್ಲಿ ಕಂಡ ಲಾಭ ಸಕ್ಕರೆ ಕಾಯಿಲೆಯ ಹುಣ್ಣಿನಲ್ಲಿ ಖಚಿತವಾಗಿ ಕಾಣಲಿಲ್ಲ. ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಆಗಿದೆಯೇ? ದೊಡ್ಡ ರಕ್ತನಾಳವೇ ಕಟ್ಟಿಕೊಂಡಿದ್ದರೆ ಮೇಲೆ ಏನು ಹಚ್ಚಿದರೂ ಪ್ರಯೋಜನ ಅಷ್ಟಕ್ಕಷ್ಟೆ.

ಚಿತ್ರದುರ್ಗದಿಂದ, ಜೇನು ಸಾಕುವವರು: ನಮ್ಮ ತುಡುವೆ ಜೇನು ಪ್ರೊಪೊಲಿಸ್ ಕೂಡಿಸುವುದಿಲ್ಲವೆಂದೇ ಹೇಳಬಹುದು, ಅಂಗಡಿಯ ಶೀಶೆಯಲ್ಲಿರುವುದು ಬಹುಪಾಲು ಮೆಲ್ಲಿಫೆರಾ ಎಂಬ ಯುರೋಪಿನ ಜೇನುನೊಣದ್ದು. ಗೋಡೆಯ ಬಿರುಕಿನಲ್ಲಿರುವ, ಕುಟುಕದ ಪುಟ್ಟ ಮಿಸ್ರಿ ಜೇನು ಮಾತ್ರ ಬಾಗಿಲಿಗೆ ಕಪ್ಪು ಅಂಟಿನ ಕೊಳವೆ ಕಟ್ಟುತ್ತದೆ, ಮುಟ್ಟಿದರೆ ಬೆರಳಿಗೆ ಎಳೆಎಳೆಯಾಗಿ ಬರುತ್ತದೆ. ಅದು ಸುತ್ತಲಿನ ಮರಗಳ ರಾಳ. ಮರ ಬದಲಾದರೆ ಅದರ ಅಂಶಗಳೂ ಬದಲಾಗುವುದರಿಂದ ಬ್ರೆಜಿಲ್‌ನ ಫಲಿತಾಂಶವನ್ನು ಇಲ್ಲಿನ ಅಂಟಿಗೆ ಹೇಳಲಾಗದು. ಹೆಜ್ಜೇನಿನ ಹಸಿ ತುಪ್ಪವನ್ನು ಹುಣ್ಣಿಗೆಂದು ಕೇಳಿದರೆ ನಾನು ಕೊಡುವುದಿಲ್ಲ. ಗಾಯಕ್ಕೆ ಬಳಸುವ ಜೇನುತುಪ್ಪವನ್ನು ಗಾಮಾ ಕಿರಣದಿಂದ ಕ್ರಿಮಿಶುದ್ಧಗೊಳಿಸಿರುತ್ತಾರೆ.

ದಾವಣಗೆರೆಯಿಂದ, ಅತ್ತೆಯವರ ಆರೈಕೆ ಮಾಡಿದವರು: ವೈದ್ಯರ ಒಪ್ಪಿಗೆ ಪಡೆದು ಅಂಥ ತುಪ್ಪದ ಡ್ರೆಸ್ಸಿಂಗ್ ಮಾಡಿದೆವು. ಆರಂಭದಲ್ಲಿ ಉರಿಯಿತು, ತುಪ್ಪ ನೀರೆಳೆಯುವುದರಿಂದ ಗಾಜ್ ಬಟ್ಟೆ ಬೇಗ ತೊಯ್ಯುತ್ತಿತ್ತು. ಹುಣ್ಣು ಮಾಯಿತು, ಆದರೆ ಆಗಲೇ ಇನ್ಸುಲಿನ್ ಹೊಂದಿಸಿ, ಆ ಕಾಲಿನ ಮೇಲೆ ಭಾರ ಬೀಳದಂತೆಯೂ ನೋಡಿಕೊಂಡಿದ್ದರಿಂದ ಗುಣ ಯಾವುದರದ್ದೆಂದು ಹೇಳಲಾರೆ. ಪ್ರೊಪೊಲಿಸ್ ಕೆಲವರಿಗೆ ಅಲರ್ಜಿ ತರುತ್ತದೆ. ಕೊಡುವ ಮೊದಲು ಶೀಶೆಯನ್ನೂ, ತಂದೆಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ವೈದ್ಯರಿಗೆ ತೋರಿಸಿ.